ಮ್ಯಾಪ್ ಕೊಂಡ್ಕೊಂಡ್ರೆ ಟ್ಯೂನಿಂಗ್ ಆಗಲ್ಲ

ನಮ್ಮ ಕ್ಯಾಂಪಸ್ಸಿನ ಪಾರ್ಕಿಂಗಲ್ಲಿ ಈಗ ಟರ್ಬೋ ಪೆಟ್ರೋಲ್ ಕಾರುಗಳಿಗೆ ಕಮ್ಮಿ ಇಲ್ಲ. ಪೋಲೋ ಇದೆ, ವರ್ಟಸ್ ಇದೆ, ವೆನ್ಯೂ ಇದೆ, ನೆಕ್ಸಾನ್ ಇದೆ. ಬಹುತೇಕ ಆರ್‌ಸಿ ಅಪ್ಪನ ಹೆಸರಲ್ಲಿ, ಕೀ ಮಾತ್ರ ಮಗನ ಜೇಬಲ್ಲಿ. ಸೆಮಿಸ್ಟರ್ ಶುರುವಾಗಿ ತಿಂಗಳಾಗುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಒಂದು ಮಾತು ಕೇಳೇ ಕೇಳ್ತೀವಿ: "ಸ್ಟೇಜ್ ಒನ್ ಮಾಡಿಸ್ದೆ ಮಗಾ, ಗಾಡಿ ಹಾರತ್ತೆ." ಟೈಮಿಂಗ್ ಎಷ್ಟು ಡಿಗ್ರಿ ಇಟ್ಟಿದಾರೆ? ಲ್ಯಾಂಬ್ಡಾ ಎಷ್ಟಿದೆ? ಲಾಗ್ ಇದೆಯಾ? ಇಷ್ಟು ಕೇಳಿದ್ರೆ ಅಲ್ಲಿಗೆ ಮಾತು ನಿಲ್ಲತ್ತೆ. ಕೈಗೆ ಸಿಕ್ಕಿರೋದು ಒಂದು ಡೈನೋ ಶೀಟಿನ ಫೋಟೋ, ಕೈಯಿಂದ ಹೋಗಿರೋದು ಹತ್ತಾರು ಸಾವಿರ ರೂಪಾಯಿ.

ನಾವು ರೀಮ್ಯಾಪ್ ವಿರೋಧಿಗಳಲ್ಲ. ಕಾರು ಬೇಗ ಹೋಗಬೇಕು ಅನ್ನೋ ಆಸೆ ನಮಗೂ ಇದೆ, ಅದಕ್ಕೇ ಅಲ್ವಾ ಹಲವರು ಮೆಕ್ಯಾನಿಕಲ್ ತಗೊಂಡಿದ್ದು. ಆದ್ರೆ ಬೇರೆಯವರು ಬರೆದ ಫೈಲನ್ನ ಇಸಿಯುಗೆ ಹಾಕಿಸ್ಕೊಳ್ಳೋದು ಖರೀದಿ. ಅದನ್ನ ಟ್ಯೂನಿಂಗ್ ಅಂತ ಕರೆಯೋದು ತಪ್ಪು. ಇಂಜಿನಿಯರಿಂಗ್ ಓದುವ ನಾವು ಈ ವ್ಯತ್ಯಾಸ ಮರೆತರೆ ಇನ್ಯಾರು ನೆನಪಿಟ್ಟುಕೊಳ್ತಾರೆ? ಲಾಗ್ ಓದಕ್ಕೆ ಬರದಿದ್ರೆ ಫ್ಲ್ಯಾಶ್ ಮಾಡಿಸ್ಬೇಡಿ, ಓದೋದನ್ನ ಕಲಿಸುವ ವ್ಯವಸ್ಥೆ ಕಾಲೇಜಲ್ಲೇ ಆಗಲಿ. ನಮ್ಮ ವಾದ ಇಷ್ಟೇ.

ಮ್ಯಾಪ್ ಅನ್ನೋ ಹೊಲ

ಮೊದಲು ಮ್ಯಾಪ್ ಅಂದ್ರೆ ಏನು ನೋಡೋಣ. ಅದು ಚೌಕಾಬಾರದ ಹಾಗೆ ಮನೆ ಮನೆಯಾಗಿರೋ ಒಂದು ಕೋಷ್ಟಕ. ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಲೋಡ್, ಅಂದ್ರೆ ಸಿಲಿಂಡರ್ ಒಳಗೆ ಎಷ್ಟು ಗಾಳಿ ತುಂಬಿದೆ ಅನ್ನೋದು. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ. ಫ್ಯೂಯಲ್ ಮ್ಯಾಪ್ ಆದ್ರೆ ಆ ಗಾಳಿಗೆ ಎಷ್ಟು ಪೆಟ್ರೋಲ್ ಅನ್ನೋದು, ಇಗ್ನಿಷನ್ ಮ್ಯಾಪ್ ಆದ್ರೆ ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಅನ್ನೋದು. ಬಾಷ್ ಕಂಪನಿಯ ಹಳೆಯ ಎಂಇ7 ಇಸಿಯುಗಳಲ್ಲಿ ಇಗ್ನಿಷನ್ ಮ್ಯಾಪಿನ ಹೆಸರು ಕೆಎಫ್‌ಝಡ್‌ಡಬ್ಲ್ಯೂ. ಅದರಲ್ಲಿ ಕೆಎಫ್ ಅಂದ್ರೆ ಕೆನ್‌ಫೆಲ್ಡ್. ಜರ್ಮನ್ ಭಾಷೆಯಲ್ಲಿ ಫೆಲ್ಡ್ ಅಂದ್ರೆ ಹೊಲ! ಹೊಲ ಅಂತ ನೋಡಿದ್ರೇ ಇದು ಚೆನ್ನಾಗಿ ಅರ್ಥ ಆಗತ್ತೆ. ಇಂಜಿನ್ ಯಾವತ್ತೂ ಸರಿಯಾಗಿ ಒಂದು ಮನೆಯ ನಡುವೆ ನಿಂತಿರಲ್ಲ. ಇಸಿಯು ಅಕ್ಕಪಕ್ಕದ ನಾಲ್ಕು ಮನೆಗಳ ಸಂಖ್ಯೆ ತಗೊಂಡು ನಡುವಿನ ಬೆಲೆ ಲೆಕ್ಕ ಹಾಕತ್ತೆ. ಒಂದು ಪಾತಿಗೆ ನೀರು ಜಾಸ್ತಿ ಬಿಟ್ರೆ ಪಕ್ಕದ ಪಾತಿಗೂ ಹರಿಯೋ ಹಾಗೆ, ಒಂದು ಮನೆಯ ಸಂಖ್ಯೆ ಬದಲಾಯಿಸಿದ್ರೆ ಸುತ್ತಲಿನ ಜಾಗವೂ ಬದಲಾಗತ್ತೆ.

ಕಿಡಿ ಮೊದಲೇ ಯಾಕೆ ಹಾರಬೇಕು? ಪೆಟ್ರೋಲ್ ಉರಿಯೋಕೆ ಸಮಯ ಬೇಕು. 6000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 36 ಡಿಗ್ರಿ ತಿರುಗತ್ತೆ, 3000ದಲ್ಲಿ 18 ಡಿಗ್ರಿ. ನಮಗೆ ಬೇಕಾಗಿರೋದು ಪಿಸ್ಟನ್ ತುದಿ ದಾಟಿ ಸುಮಾರು 12ರಿಂದ 15 ಡಿಗ್ರಿ ಇಳಿದಾಗ ಒತ್ತಡ ಅತಿ ಹೆಚ್ಚಿರೋದು. ಜೋಕಾಲಿ ತಳ್ಳಿದವರಿಗೆ ಇದು ಗೊತ್ತು. ಅದು ಇನ್ನೂ ನಮ್ಮ ಕಡೆ ಬರ್ತಿರುವಾಗಲೇ ತಳ್ಳಿದ್ರೆ ಕೈಗೆ ಪೆಟ್ಟು, ತುಂಬಾ ಮುಂದೆ ಹೋದ ಮೇಲೆ ತಳ್ಳಿದ್ರೆ ತಳ್ಳಿದ್ದೇ ವ್ಯರ್ಥ. ಹೈವೇಯಲ್ಲಿ ಆರಾಮಾಗಿ ಹೋಗುವಾಗ ಅಡ್ವಾನ್ಸ್ 30 ಡಿಗ್ರಿ ದಾಟಬಹುದು. ಅದೇ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಬೂಸ್ಟ್ ತಗೊಂಡಾಗ ಒಂದಂಕಿಗೆ ಇಳಿಯಬಹುದು. ಬೂಸ್ಟ್ ಬಂದಾಗ ಗಾಳಿ ದಟ್ಟ, ಬಿಸಿಯೂ ಜಾಸ್ತಿ. ಕಿಡಿಯಿಂದ ಹೊರಟ ಬೆಂಕಿ ಮೂಲೆ ತಲುಪೋ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿಯತ್ತೆ. ಅದೇ ನಾಕ್. ಗ್ಯಾರೇಜಲ್ಲಿ "ಇಂಜಿನ್ ನಾಕ್ ಹೊಡೀತಿದೆ" ಅಂತಾರಲ್ಲ, ಅದು.

ಒಂದು ಡಿಗ್ರಿಯ ಬೆಲೆ

ಈಗ ಜಾಹೀರಾತು ಹೇಳದೇ ಇರೋ ವಿಷಯ. ಸ್ಟೇಜ್ ಒನ್‌ನಲ್ಲಿ ಸಿಗೋ ಹೆಚ್ಚುವರಿ ಶಕ್ತಿಯ ಬಹುಪಾಲು ಬರೋದು ಬೂಸ್ಟ್ ಏರಿಸೋದರಿಂದ. ಬೂಸ್ಟ್ ಏರಿದ್ರೆ ನಾಕ್ ಹತ್ತಿರ ಬರತ್ತೆ, ಹಾಗಾಗಿ ಟೈಮಿಂಗ್ ಅನ್ನ ನಿಜಕ್ಕೂ ಹಿಂದಕ್ಕೆ ತರಬೇಕು. "ಟೈಮಿಂಗ್ ಜಾಸ್ತಿ ಕೊಟ್ಟಿದೀವಿ" ಅಂತ ಯಾರಾದ್ರೂ ಹೆಮ್ಮೆಯಿಂದ ಹೇಳಿದ್ರೆ ಅಲ್ಲೇ ಅನುಮಾನ ಬರಬೇಕು. ನಾಕ್ ಮಿತಿಯ ಹತ್ತಿರ ಒಂದು ಡಿಗ್ರಿ ಅಡ್ವಾನ್ಸ್‌ನಿಂದ ಸಿಗೋ ಟಾರ್ಕ್ ಶೇಕಡಾ ಒಂದು, ಒಂದೂವರೆ ಅಷ್ಟೇ. ಪೋಲೋ 1.0 ಟಿಎಸ್‌ಐನ 175 ನ್ಯೂಟನ್ ಮೀಟರ್‌ನಲ್ಲಿ ಅದು ಎರಡು, ಎರಡೂವರೆ. ಸೀಟಲ್ಲಿ ಕೂತವರಿಗೆ ಅದು ಗೊತ್ತೇ ಆಗಲ್ಲ. ಪಿಸ್ಟನ್‌ಗೆ ಗೊತ್ತಾಗತ್ತೆ.

"ನಾಕ್ ಸೆನ್ಸರ್ ಇದೆ, ಇಸಿಯು ನೋಡ್ಕೊಳ್ಳತ್ತೆ ಬಿಡು ಮಗಾ" ಅನ್ನೋದು ಇದಕ್ಕೆ ಬರೋ ಮಾಮೂಲಿ ಉತ್ತರ. ಅರ್ಧ ನಿಜ. ಬ್ಲಾಕ್‌ಗೆ ಬಿಗಿದಿರೋ ಆ ಪೀಜೋ ಸೆನ್ಸರ್ ಕೆಲವು ಕಿಲೋಹರ್ಟ್ಜ್‌ನ ಕಂಪನ ಕೇಳಿಸ್ಕೊಂಡು, ಆ ಸಿಲಿಂಡರಿನ ಟೈಮಿಂಗ್ ಅನ್ನ ಹಿಂದಕ್ಕೆ ಎಳೆಯತ್ತೆ. ಆದ್ರೆ ಅದು ನಾಕ್ ಆದ ಮೇಲೆ ಮಾಡೋ ಕೆಲಸ. ಅಪರೂಪಕ್ಕೆ ಕೆಟ್ಟ ಪೆಟ್ರೋಲ್ ಸಿಕ್ಕಾಗ ಕಾಪಾಡೋಕೆ ಇಟ್ಟಿರೋ ಕಾವಲುಗಾರ ಅದು. ಬೇಸ್ ಮ್ಯಾಪನ್ನೇ ಅತಿಯಾಗಿ ಬರೆದು ಪ್ರತಿದಿನ ಕಾವಲುಗಾರನ ಮೇಲೆ ಭಾರ ಹಾಕಿದ್ರೆ, ಕಿಡಿ ತಡವಾಗಿ, ಉರಿಯೋದೂ ತಡವಾಗಿ, ಆ ಬಿಸಿ ಪಿಸ್ಟನ್ ತಳ್ಳೋ ಬದಲು ಎಕ್ಸಾಸ್ಟ್‌ಗೆ ಹೋಗತ್ತೆ. ಟರ್ಬೈನ್ ಕಾಯತ್ತೆ. ಅದನ್ನ ತಣಿಸೋಕೆ ಇಸಿಯು ಪೆಟ್ರೋಲ್ ಜಾಸ್ತಿ ಸುರಿಯತ್ತೆ. ದುಡ್ಡು ಕೊಟ್ಟು ತಂದ ಶಕ್ತಿ ಹೀಗೆ ಸೈಲೆನ್ಸರಲ್ಲಿ ಹೋಗತ್ತೆ.

ಇನ್ನೊಂದು ಅಪಾಯ ಇದೆ, ಅದನ್ನ ನಾಕ್ ಸೆನ್ಸರ್ ತಡೆಯೋಕೇ ಆಗಲ್ಲ. ಚಿಕ್ಕ ಡೈರೆಕ್ಟ್ ಇಂಜೆಕ್ಷನ್ ಟರ್ಬೋ ಇಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಭಾರೀ ಟಾರ್ಕ್ ಕೇಳಿದಾಗ, ಆಯಿಲ್ ಹನಿಯಿಂದಲೋ ಇಂಗಾಲದ ಚೂರಿನಿಂದಲೋ ಮಿಶ್ರಣ ಕಿಡಿಗಿಂತ ಮುಂಚೆಯೇ ಹೊತ್ತಿಕೊಳ್ಳಬಹುದು. ಇದನ್ನ ಎಲ್‌ಎಸ್‌ಪಿಐ ಅಂತಾರೆ. ಕಿಡಿಯೇ ಕಾರಣ ಅಲ್ಲದಿದ್ದಾಗ ಕಿಡಿಯನ್ನ ಹಿಂದಕ್ಕೆ ಎಳೆದು ಏನು ಪ್ರಯೋಜನ? ಕೆಟ್ಟ ದಿನ ಆದ್ರೆ ಪಿಸ್ಟನ್ನಿನ ರಿಂಗ್ ಕೂರೋ ಅಂಚೇ ಮುರಿಯತ್ತೆ. ಇದು ಎಷ್ಟು ಗಂಭೀರ ಅಂದ್ರೆ, 2018ರಲ್ಲಿ ಬಂದ ಎಪಿಐ ಎಸ್‌ಎನ್ ಪ್ಲಸ್ ಅನ್ನೋ ಆಯಿಲ್ ದರ್ಜೆಯನ್ನ ಇದಕ್ಕಾಗೇ ತಂದ್ರು. "1800 ಆರ್‌ಪಿಎಂನಲ್ಲೇ ಒದೆಯತ್ತೆ" ಅಂತ ಕುಣಿಯೋರು ಯಾವ ಆಯಿಲ್ ಹಾಕಿದೀವಿ ಅಂತ ಒಮ್ಮೆ ನೋಡ್ಕೊಳ್ಳಿ.

ಫೈಲ್ ಯಾವ ಊರಿನದು?

ಮ್ಯಾಪ್ ಅಂದ್ರೆ ಯಾರೋ ಎಲ್ಲೋ ಮಾಡಿದ ಪರೀಕ್ಷೆಗಳ ದಾಖಲೆ. ಆ ಎಲ್ಲೋ ಎಲ್ಲಿ ಅನ್ನೋದು ಮುಖ್ಯ. ಒಂದು ಲೆಕ್ಕ ಮಾಡೋಣ, ಥರ್ಮೋ ಪುಸ್ತಕದ ಸೂತ್ರ ಸಾಕು. ಫೈಲ್ ಇನ್‌ಟೇಕ್‌ನಲ್ಲಿ 200 ಕಿಲೋಪ್ಯಾಸ್ಕಲ್ ಒತ್ತಡ ಕೇಳತ್ತೆ ಅಂದುಕೊಳ್ಳಿ. ಮಂಗಳೂರಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 101. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರೋ ಬೆಂಗಳೂರಲ್ಲಿ ಸುಮಾರು 91. ಟರ್ಬೋ ಮಂಗಳೂರಲ್ಲಿ ಎರಡು ಪಟ್ಟು ಒತ್ತಿದ್ರೆ ಸಾಕು, ಬೆಂಗಳೂರಲ್ಲಿ 2.2 ಪಟ್ಟು ಒತ್ತಬೇಕು. ಎರಡೂ ಕಡೆ ಗಾಳಿ 30 ಡಿಗ್ರಿ ಸೆಲ್ಸಿಯಸ್, ಕಂಪ್ರೆಸರ್ ದಕ್ಷತೆ ಶೇಕಡಾ 70 ಅಂತ ಇಟ್ಕೊಂಡ್ರೆ, ಇಂಟರ್‌ಕೂಲರ್‌ಗೆ ಮೊದಲು ಗಾಳಿ ಮಂಗಳೂರಲ್ಲಿ ಸುಮಾರು 123 ಡಿಗ್ರಿ, ಬೆಂಗಳೂರಲ್ಲಿ 140ರ ಹತ್ತಿರ. ಇಂಟರ್‌ಕೂಲರ್ ಈ ಅಂತರವನ್ನ ಕಮ್ಮಿ ಮಾಡತ್ತೆ, ಪೂರ್ತಿ ಅಳಿಸಲ್ಲ. ಅದೇ ಕಾರು, ಅದೇ ಫೈಲ್. ಊರು ಬದಲಾದ್ರೆ ಟರ್ಬೋ ತಿರುಗೋ ವೇಗ, ಗಾಳಿಯ ಬಿಸಿ, ನಾಕ್‌ಗೆ ಇರೋ ದೂರ ಎಲ್ಲಾ ಬದಲು. ಕಂಪನಿಯ ಮ್ಯಾಪ್ ಜೊತೆ ಇದನ್ನೆಲ್ಲ ಸರಿದೂಗಿಸೋ ಹತ್ತಾರು ತಿದ್ದುಪಡಿ ಕೋಷ್ಟಕಗಳು ಇರ್ತವೆ. ಅವಸರದ ಫೈಲ್ ಬರೆಯೋರು ಅವನ್ನ ಮುಟ್ಟದೇ ಬಿಟ್ರೂ ಕಷ್ಟ, ಗೊತ್ತಿಲ್ಲದೇ ಮುಟ್ಟಿದ್ರೂ ಕಷ್ಟ.

ಪೆಟ್ರೋಲ್ ಕೂಡ ಹಾಗೇ. ಜರ್ಮನಿಯ ಬಂಕಲ್ಲಿ ಸಾಮಾನ್ಯವಾಗಿ ಸಿಗೋದು 95 ಅಥವಾ 98 ಆಕ್ಟೇನ್. ನಮ್ಮ ಬಿಎಸ್6 ಮಾನದಂಡ ಸಾಮಾನ್ಯ ಪೆಟ್ರೋಲಿಗೆ ಕೇಳಿದ್ದು ಕನಿಷ್ಠ 91. ಅಲ್ಲಿನ ಪೆಟ್ರೋಲ್ ನಂಬಿ ಬರೆದ ಟೈಮಿಂಗ್ ಇಲ್ಲಿ ಹೇಗೆ ಕೂರತ್ತೆ? ಅದರ ಮೇಲೆ ಇ20 ಬಂತು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಎಥನಾಲ್ ನಾಕ್ ತಡೆಯೋದರಲ್ಲಿ ಒಳ್ಳೆಯದು, ಆವಿಯಾಗುವಾಗ ಸಿಲಿಂಡರನ್ನ ತಂಪೂ ಮಾಡತ್ತೆ. ಆದ್ರೆ ಪೂರ್ತಿ ಉರಿಯೋಕೆ ಬೇಕಾದ ಗಾಳಿಯ ಲೆಕ್ಕ ಬೇರೆ. ಶುದ್ಧ ಪೆಟ್ರೋಲಿಗೆ ಗಾಳಿ 14.7 ಪಾಲು, ಇ10ಗೆ ಸುಮಾರು 14.1, ಇ20ಗೆ ಸುಮಾರು 13.5. ಅಂದ್ರೆ ಇ10 ನೋಡ್ಕೊಂಡು ಬರೆದ ಫೈಲ್ ಇರೋ ಕಾರಿಗೆ ಇ20 ಹಾಕಿದ್ರೆ ಅದೇ ಗಾಳಿಗೆ ಶೇಕಡಾ 4ಕ್ಕಿಂತ ಜಾಸ್ತಿ ಪೆಟ್ರೋಲ್ ಬೇಕು. ಸಾಮಾನ್ಯ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಸರಿಮಾಡ್ಕೊಳ್ಳತ್ತೆ. ಆದ್ರೆ ಹೈ ಪ್ರೆಶರ್ ಪಂಪ್, ಇಂಜೆಕ್ಟರ್‌ಗಳನ್ನ ಕೊನೇ ಹನಿಯವರೆಗೂ ಬಳಸೋ ಫೈಲ್ ಹಾಕಿಸ್ಕೊಂಡಿದ್ರೆ, ಪೂರ್ತಿ ಬೂಸ್ಟ್‌ನಲ್ಲಿ ಆ 4 ಶೇಕಡಾ ಎಲ್ಲಿಂದ ತರೋದು? ಲ್ಯಾಂಬ್ಡಾ 0.85 ಇರಬೇಕಾದ ಕಡೆ 0.9 ಆದ್ರೆ ಮೇಲಿನಿಂದ ಏನೂ ಗೊತ್ತಾಗಲ್ಲ. ಒಳಗೆ ಬಿಸಿ ಏರ್ತಾ ಇರತ್ತೆ.

ಪಟಾಕಿ ಮ್ಯಾಪ್

ಹಾಸ್ಟೆಲ್ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪಟಪಟ ಅನ್ನಿಸಿಕೊಂಡು ಹೋಗೋ ಕಾರುಗಳ ಬಗ್ಗೆಯೂ ಒಂದು ಮಾತು. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್‌ಗೆ ಪೆಟ್ರೋಲ್ ನಿಲ್ಲಬೇಕು, ಅದು ಒಳ್ಳೆ ಕ್ಯಾಲಿಬ್ರೇಷನ್. ಪಟಾಕಿ ಮ್ಯಾಪಲ್ಲಿ ಪೆಟ್ರೋಲ್ ನಿಲ್ಲಿಸಲ್ಲ. ಕಿಡಿಯನ್ನ ಪಿಸ್ಟನ್ ಇಳಿಯೋಕೆ ಶುರುವಾದ ಮೇಲೆ, ಬಹಳ ತಡವಾಗಿ ಹಾರಿಸ್ತಾರೆ. ಹಾಗಾಗಿ ಉರಿಯೋದು ಎಕ್ಸಾಸ್ಟ್‌ನಲ್ಲಿ. ಸದ್ದು ಹುಟ್ಟೋ ಆ ಜಾಗದಲ್ಲೇ ಟರ್ಬೈನ್ ಇದೆ, ಅದರ ಹಿಂದೆ ಬೆಲೆಬಾಳೋ ಲೋಹ ಲೇಪಿಸಿದ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಶಕ್ತಿ ಒಂದು ಪಿಎಸ್ ಕೂಡ ಹೆಚ್ಚಲ್ಲ. ಕನ್ವರ್ಟರ್ ಸತ್ತರೆ "ತೆಗೆಸಿಬಿಡು" ಅನ್ನೋ ಸಲಹೆ ಬೇರೆ. ಆ ಹೊಗೆ ಕುಡಿಯೋರು ಹಿಂದೆ ಸ್ಕೂಟರಲ್ಲಿ ಬರ್ತಿರೋರು, ಬಸ್ ಸ್ಟಾಪಲ್ಲಿ ನಿಂತಿರೋರು. ಅವರ್ಯಾರೂ ಸ್ಟೇಜ್ ಒನ್ ಕೇಳಿರಲಿಲ್ಲ.

ಮ್ಯಾಪಲ್ಲಿ ಬರೆಯೋ ಸಂಖ್ಯೆ ಬರೀ ಕಾರಿನ ಮಾಲೀಕರ ವಿಷಯ ಅಲ್ಲ ಅನ್ನೋದಕ್ಕೆ ದೊಡ್ಡ ಸಾಕ್ಷಿ 2015ರ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ. ಟೆಸ್ಟ್ ನಡೀತಿದ್ರೆ ಒಂದು ನಡವಳಿಕೆ, ರಸ್ತೆಯಲ್ಲಿ ಇನ್ನೊಂದು, ಎಲ್ಲಾ ಸಾಫ್ಟ್‌ವೇರಲ್ಲೇ. ಅದನ್ನ ಬಯಲಿಗೆ ತಂದ ಅಳತೆಗಳನ್ನ ಮಾಡಿದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಪುಟ್ಟ ತಂಡ. ಅದರಲ್ಲಿ ಭಾರತದಿಂದ ಓದಲು ಹೋಗಿದ್ದ ಹೇಮಂತ್ ಕಪ್ಪಣ್ಣ ಕೂಡ ಇದ್ದರು. ಅವರು ಕಾರಿನ ಡಿಕ್ಕಿಯಲ್ಲಿ ಅಳೆಯೋ ಉಪಕರಣ ಇಟ್ಕೊಂಡು ರಸ್ತೆಯಲ್ಲಿ ಓಡಿಸಿದ್ರು, ಡೇಟಾ ನೋಡಿದ್ರು. ಮ್ಯಾಪನ್ನ ನಂಬೋದು ಬಿಟ್ಟು ಅಳೆದು ನೋಡಿದ ವಿದ್ಯಾರ್ಥಿಗಳು ಅವರು. ನಮಗೆ ಮಾದರಿ ಬೇಕು ಅಂದ್ರೆ ಅಲ್ಲಿದೆ.

"ಕಂಪನಿಯವರು ಬಿಟ್ಟಿರೋದನ್ನ ತಗೊಂಡ್ರೆ ತಪ್ಪೇನು?"

ಇದು ಒಳ್ಳೆ ಪ್ರಶ್ನೆ, ಹಾರಿಸಿ ಹೋಗೋ ಹಾಗಿಲ್ಲ. ಕಂಪನಿಗಳು ಮಾರ್ಜಿನ್ ಬಿಡೋದು ನಿಜ. ಅದೇ 1.0 ಲೀಟರ್ ಟಿಎಸ್‌ಐ ಪೋಲೋದಲ್ಲಿ 110 ಪಿಎಸ್, ವರ್ಟಸ್‌ನಲ್ಲಿ 115 ಪಿಎಸ್. ಹಾರ್ಡ್‌ವೇರ್ ಇನ್ನೂ ಸ್ವಲ್ಪ ತಡೆಯತ್ತೆ ಅನ್ನೋದರಲ್ಲಿ ಸುಳ್ಳಿಲ್ಲ. ಅನುಭವ ಇರೋ ಟ್ಯೂನರ್ ಎಚ್ಚರಿಕೆಯಿಂದ ಬರೆದ ಮ್ಯಾಪಲ್ಲಿ ವರ್ಷಗಟ್ಟಲೆ ಓಡೋ ಕಾರುಗಳೂ ಇವೆ.

ಆದ್ರೆ ಆ ಮಾರ್ಜಿನ್ ಯಾರಿಗಾಗಿ ಬಿಟ್ಟಿದ್ದು? ಮೇ ತಿಂಗಳ ಕಲಬುರಗಿ ಬಿಸಿಲಿಗೆ. ಐದು ಜನ, ಲಗೇಜು, ಎಸಿ ಹಾಕ್ಕೊಂಡು ಚಾರ್ಮಾಡಿ ಘಾಟಿ ಹತ್ತೋ ಮದುವೆ ದಿಬ್ಬಣಕ್ಕೆ. ಯಾವುದೋ ಬಂಕಿನ ಗುಣಮಟ್ಟ ಗೊತ್ತಿಲ್ಲದ ಪೆಟ್ರೋಲಿಗೆ. ಲಕ್ಷ ಕಿಲೋಮೀಟರ್ ಓಡಿ ಸವೆದ ಇಂಜೆಕ್ಟರಿಗೆ. ಡೈನೋ ಮೇಲೆ ಹತ್ತು ಸೆಕೆಂಡ್ ಓಡಿಸಿ, ಮುಂದೆ ಫ್ಯಾನ್ ಇಟ್ಟು ತೆಗೆದ ಶೀಟಲ್ಲಿ ಇದ್ಯಾವುದೂ ಇರಲ್ಲ. ಮಾರ್ಜಿನ್ ಅನ್ನೋದು ಕಂಪನಿಯವರ ಸೋಮಾರಿತನ ಅಲ್ಲ, ನಮ್ಮಪ್ಪ ಕಾರು ಕೊಳ್ಳುವಾಗ ದುಡ್ಡು ಕೊಟ್ಟು ತಗೊಂಡ ಬಾಳಿಕೆ. ಅದರಲ್ಲಿ ಎಷ್ಟು ಖರ್ಚು ಮಾಡ್ತಿದೀವಿ ಅಂತ ಗೊತ್ತಿದ್ದು ಮಾಡಿದ್ರೆ ಅದು ಇಂಜಿನಿಯರಿಂಗ್ ನಿರ್ಧಾರ. ಗೊತ್ತಿಲ್ಲದೇ ಮಾಡಿದ್ರೆ ಜೂಜು, ಅದೂ ಅಪ್ಪನ ದುಡ್ಡಲ್ಲಿ. ವಾರಂಟಿ ಹೋಗೋದು ಬೇರೆ.

ಹಿಂದೆ ಗ್ಯಾರೇಜಿನ ಮೇಸ್ತ್ರಿಗಳು ಡಿಸ್ಟ್ರಿಬ್ಯೂಟರನ್ನ ಕೈಯಲ್ಲಿ ಒಂದು ಕೂದಲೆಳೆಯಷ್ಟು ತಿರುಗಿಸಿ, ಕಿವಿ ಕೊಟ್ಟು ಕೇಳಿ, ಒಂದು ರೌಂಡ್ ಓಡಿಸಿ, ಮತ್ತೆ ತಿರುಗಿಸ್ತಿದ್ರು. ಲ್ಯಾಪ್‌ಟಾಪ್ ಇರಲಿಲ್ಲ. ಆದ್ರೆ ಬದಲಾಯಿಸು, ಗಮನಿಸು, ಮತ್ತೆ ಬದಲಾಯಿಸು ಅನ್ನೋ ಚಕ್ರ ಪೂರ್ತಿ ಇತ್ತು. ಟ್ಯೂನಿಂಗ್ ಅಂದ್ರೆ ಆ ಚಕ್ರ. ಲ್ಯಾಪ್‌ಟಾಪ್ ಇದ್ದೂ ಗಮನಿಸೋ ಭಾಗ ಬಿಟ್ಟವರಿಗಿಂತ ಆ ಮೇಸ್ತ್ರಿಯೇ ದೊಡ್ಡ ಇಂಜಿನಿಯರ್.

ಹಾಗಾದ್ರೆ ಏನು ಗಮನಿಸಬೇಕು?

ಈಗಾಗಲೇ ರೀಮ್ಯಾಪ್ ಆಗಿರೋ ಕಾರು ಇದ್ರೆ, ಕನಿಷ್ಠ ಇಷ್ಟು ಲಾಗ್ ಮಾಡಿಸಿ: ಆರ್‌ಪಿಎಂ, ಲೋಡ್, ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ಕೇಳಿದ ಲ್ಯಾಂಬ್ಡಾ ಮತ್ತು ಸಿಕ್ಕ ಲ್ಯಾಂಬ್ಡಾ, ಫ್ಯೂಯಲ್ ರೈಲಿನ ಒತ್ತಡ, ಇನ್‌ಟೇಕ್ ಗಾಳಿಯ ಬಿಸಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಸಿಲಿಂಡರಿನ ಟೈಮಿಂಗ್ ಎಷ್ಟು ಹಿಂದಕ್ಕೆ ಹೋಗ್ತಿದೆ ಅನ್ನೋದು. ಅಲ್ಲಲ್ಲಿ ಒಂದೆರಡು ಡಿಗ್ರಿ ಹಿಂದೆ ಹೋಗಿ ಬಂದ್ರೆ ಗಾಬರಿ ಬೇಡ. ಎಲ್ಲಾ ಸಿಲಿಂಡರುಗಳೂ ಪ್ರತಿ ಸಲ ಅದೇ ಆರ್‌ಪಿಎಂನಲ್ಲಿ ಹಿಂದಕ್ಕೆ ಹೋಗ್ತಿದ್ರೆ ಆ ಮನೆಯ ಸಂಖ್ಯೆಯೇ ತಪ್ಪು. ಕೇಳಿದ ಬೂಸ್ಟಿಗೂ ಸಿಕ್ಕಿದ್ದಕ್ಕೂ ಅಂತರ ಬೆಳೀತಿದ್ರೆ ಟರ್ಬೋ ಏದುಸಿರು ಬಿಡ್ತಿದೆ ಅಂತ ಅರ್ಥ.

ಅಗ್ಗದ ಓಬಿಡಿ ಡಾಂಗಲ್‌ನಿಂದ ಇದೆಲ್ಲಾ ಆಗತ್ತಾ? ಲೆಕ್ಕ ಹಾಕಿ. ಮೂರು ಸಿಲಿಂಡರ್ ಇಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 150 ಸಲ ಉರಿಯತ್ತೆ. ಹಲವಾರು ಮೌಲ್ಯ ಒಟ್ಟಿಗೆ ಕೇಳಿದ್ರೆ ನಿಧಾನದ ಡಾಂಗಲ್ ಸೆಕೆಂಡಿಗೆ ಎರಡು ಸಲ ಉತ್ತರ ಕೊಟ್ಟರೆ ಹೆಚ್ಚು. ಎಂಟು ಸೆಕೆಂಡಿನ ಓಟಕ್ಕೆ ಹದಿನಾರು ಚುಕ್ಕೆ. ಹದಿನಾರು ಚುಕ್ಕೆಯಲ್ಲಿ ನಾಕ್ ಕಾಣಲಿಲ್ಲ ಅಂದ್ರೆ ನಾಕ್ ಇಲ್ಲ ಅಂತ ಅಲ್ಲ. ಟ್ಯೂನರ್ ಹತ್ರ ವೇಗದ ಲಾಗ್ ಕೇಳಿ. ಕೊಡಲ್ಲ ಅಂದ್ರೆ ಬೇರೆ ಟ್ಯೂನರ್ ಹುಡುಕಿ. ಮತ್ತೆ ದಯವಿಟ್ಟು, ಲಾಗ್ ಮಾಡೋ ಹೆಸರಲ್ಲಿ ರಿಂಗ್ ರೋಡನ್ನ ರೇಸ್ ಟ್ರ್ಯಾಕ್ ಮಾಡ್ಬೇಡಿ. ಡೈನೋ ಇರೋದು ಅದಕ್ಕೇ.

ಕಾಲೇಜಿಗೆ ನಮ್ಮ ಬೇಡಿಕೆ

ಐಸಿ ಇಂಜಿನ್ ಲ್ಯಾಬಲ್ಲಿ ಮೋರ್ಸ್ ಟೆಸ್ಟ್ ಮಾಡಿ, ರೆಕಾರ್ಡ್ ಬರೆದು, ಸಹಿ ಹಾಕಿಸ್ಕೊಂಡು ಬರೋದು ಪದ್ಧತಿ. ಒಂದೊಂದೇ ಸಿಲಿಂಡರ್ ಆಫ್ ಮಾಡಿ ಲೆಕ್ಕ ಹಾಕ್ತೀವಿ, ಆದ್ರೆ ಟೈಮಿಂಗ್ ಒಂದು ಡಿಗ್ರಿ ಬದಲಾದ್ರೆ ಏನಾಗತ್ತೆ ಅಂತ ಯಾರೂ ಕೈಯಾರೆ ನೋಡಲ್ಲ. ಹೀಗಾಗಿ ಟ್ಯೂನಿಂಗ್ ಅನ್ನೋದು ರೀಲ್ಸ್ ನೋಡಿ, ದುಡ್ಡು ಕೊಟ್ಟು ಕಲಿಯೋ ವಿದ್ಯೆ ಆಗಿದೆ.

ಇದನ್ನ ಬದಲಾಯಿಸೋದು ಅಷ್ಟೇನೂ ಕಷ್ಟ ಅಲ್ಲ. ಆರ್ಡುಯಿನೋ ಮೆಗಾ ಬೋರ್ಡ್ ಮೇಲೆ ನಡೆಯೋ ಸ್ಪೀಡುಯಿನೋ ಅನ್ನೋ ಮುಕ್ತ ಇಸಿಯು ಇದೆ, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಲ್ಯಾಬಿನ ಹಳೆ ಕಾರ್ಬುರೇಟರ್ ಇಂಜಿನ್ನಿಗೆ ಇಂಜೆಕ್ಟರ್, ಹಲ್ಲಿನ ಟ್ರಿಗರ್ ಚಕ್ರ, ಒಂದು ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸೋದು ಒಂದು ಒಳ್ಳೆ ಫೈನಲ್ ಇಯರ್ ಪ್ರಾಜೆಕ್ಟ್. ನಮ್ಮ ಅಂದಾಜಲ್ಲಿ, ಪಾರ್ಕಿಂಗಲ್ಲಿ ನಿಂತಿರೋ ಎರಡು ಮೂರು ಕಾರುಗಳಿಗೆ ಸ್ಟೇಜ್ ಒನ್ ಮಾಡಿಸಿದ ದುಡ್ಡಲ್ಲಿ ಇದು ಮುಗಿಯತ್ತೆ. ಟರ್ಬೋ ಇಲ್ಲದಿದ್ರೂ ಪರವಾಗಿಲ್ಲ, ಕಲಿಯೋಕೆ ಅದೇ ಒಳ್ಳೆಯದು. ಆರ್‌ಪಿಎಂ, ಲೋಡ್ ಒಂದೇ ಇಟ್ಟು, ಟೈಮಿಂಗನ್ನ 10 ಡಿಗ್ರಿಯಿಂದ ಎರಡೆರಡೇ ಏರಿಸ್ತಾ ಡೈನಮೋಮೀಟರಲ್ಲಿ ಟಾರ್ಕ್ ಬರ್ಕೊಳ್ಳಿ. ಗ್ರಾಫ್ ಮೊದಲು ಏರತ್ತೆ, ಆಮೇಲೆ ಚಪ್ಪಟೆ ಆಗತ್ತೆ, ಆಮೇಲೆ ಇಳಿಯತ್ತೆ. ಆ ಚಪ್ಪಟೆ ತಲೆಯನ್ನ ಒಮ್ಮೆ ತಮ್ಮ ಕೈಯಾರೆ ಬರೆದವರು ಆಮೇಲೆ ಯಾವತ್ತೂ "ಟೈಮಿಂಗ್ ಜಾಸ್ತಿ ಕೊಡಿ ಅಣ್ಣಾ" ಅಂತ ಕೇಳಲ್ಲ.

ಇದರ ಹಿಂದೆ ಹೊಟ್ಟೆಪಾಡಿನ ಮಾತೂ ಇದೆ. ಬಾಷ್ ಕಂಪನಿಯ ಭಾರತದ ಮುಖ್ಯ ಕಚೇರಿ ಇರೋದು ಬೆಂಗಳೂರಿನ ಆಡುಗೋಡಿಯಲ್ಲಿ. ಈ ಊರಲ್ಲಿ ಕ್ಯಾಲಿಬ್ರೇಷನ್ ಇಂಜಿನಿಯರ್ ಅನ್ನೋದೇ ಒಂದು ಉದ್ಯೋಗ, ಅಂದ್ರೆ ದಿನವಿಡೀ ಇಂಥ ಮ್ಯಾಪುಗಳ ಮನೆ ತುಂಬಿಸೋ ಕೆಲಸ. ಅಲ್ಲಿ ಇಂಟರ್ವ್ಯೂಗೆ ಕೂತಾಗ "ನನ್ನ ಕಾರು ಸ್ಟೇಜ್ ಒನ್" ಅಂದ್ರೆ ಯಾರೂ ಮೆಚ್ಚಲ್ಲ. "ಟೈಮಿಂಗ್ ಸ್ವೀಪ್ ಮಾಡಿದೀನಿ, ಗ್ರಾಫ್ ತಂದಿದೀನಿ" ಅಂದ್ರೆ ಮಾತು ಮುಂದುವರಿಯತ್ತೆ.

ವಿಭಾಗದ ಮುಖ್ಯಸ್ಥರಿಗೆ ಒಂದು ಮನವಿ ಪತ್ರ ಬರೆದಿದೀವಿ, ಸಹಿ ಸಂಗ್ರಹ ಈ ವಾರ ಶುರು. ಟರ್ಬೋ ಕಾರು ಇರೋರು, ಇಲ್ಲದೋರು, ಸಿಎಸ್‌ನೋರು, ಇಸಿಯೋರು ಎಲ್ಲರೂ ಬನ್ನಿ, ಇಸಿಯು ಕೋಡ್ ಓದೋಕೆ ನೀವೇ ಬೇಕು. ಸ್ಟೇಜ್ ಒನ್ ಮಾಡಿಸಿರೋ ಗೆಳೆಯರೇ, ನಿಮ್ಮ ಮೇಲೆ ಕೋಪ ಇಲ್ಲ. ಬರುವಾಗ ಡೈನೋ ಶೀಟ್ ಮನೇಲೇ ಬಿಟ್ಟು ಲಾಗ್ ತಗೊಂಡು ಬನ್ನಿ, ಒಟ್ಟಿಗೆ ಕೂತು ಓದೋಣ.